ಓಡುವ ಕಾಲು, ಲೆಕ್ಕ ಒಪ್ಪಿಸುವ ಕೈ

(ತೋಟದ ಕೆಲಸಗಾರರ ಕುಟುಂಬಗಳ ಕೂಟದಲ್ಲಿ ಬೋರಾಮಣಿಯಿಂದ ಬಂದ ಗೆಳೆಯರು ಮಾಡಿದ ಭಾಷಣ)



ನಮ್ಮ ಊರು ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಮೇಲಿದೆ. ಸರಕಾರ ಮಹಾರಾಷ್ಟ್ರದ್ದು, ಕಚೇರಿಯ ಕಾಗದ ಮರಾಠಿಯದು, ನಮ್ಮ ಅನೇಕ ಮನೆಗಳ ಒಲೆಯ ಮುಂದಿನ ಮಾತು ಮಾತ್ರ ಕನ್ನಡದ್ದು. ನಿಮ್ಮಲ್ಲಿ ಮಳೆ ನಿಲ್ಲುವುದಿಲ್ಲವೆಂಬ ದೂರು; ನಮ್ಮಲ್ಲಿ ಮಳೆ ಬಾರದೆಂಬ ದೂರು. ನಿಮಗೆ ಕಾಫಿ ಗಿಡದ ನೆರಳು, ನಮಗೆ ಜೋಳದ ಹೊಲ, ತೊಗರಿ ಹೊಲ, ಕಲ್ಲು ತುಂಬಿದ ಹುಲ್ಲುಗಾವಲು. ಆದರೂ ಹೊಟ್ಟೆಪಾಡಿಗಾಗಿ ನಮ್ಮವರು ನಿಮ್ಮ ತೋಟಗಳ ತನಕ ಬರುತ್ತಾರೆ. ಆದ್ದರಿಂದ ನಾವು ನಿಮಗೆ ಪರರಲ್ಲ.

ಬೇರೆಯವರ ಕಷ್ಟಕ್ಕಾಗಿ ದಿನವೂ ದೂರ ಓಡಿ ಹಣ ಕೂಡಿಸುವ ವಿಷಯವಾಗಿ ನಾಲ್ಕು ಮಾತು ಹೇಳಿರೆಂದು ನೀವು ಕೇಳಿದಿರಿ. ನಾವು ನಲವತ್ತು ಮುಂಜಾನೆ ಹೀಗೆ ಓಡಿದವರು. ಅದರಲ್ಲಿ ಒಳ್ಳೆಯದೂ ಆಯಿತು, ತಪ್ಪೂ ಆಯಿತು. ಎರಡನ್ನೂ ಮುಚ್ಚಿಡದೆ ಹೇಳುವುದೇ ನಮ್ಮ ಉದ್ದೇಶ.

ನಿನ್ನೆ ರಾತ್ರಿ ಲೈನಿನಲ್ಲಿ ಊಟಕ್ಕೆ ಕುಳಿತಾಗ ಹಿರಿಯ ಅಕ್ಕ ಒಬ್ಬರು ನಮ್ಮನ್ನು ಒಂದು ಪ್ರಶ್ನೆ ಕೇಳಿದರು. “ಅಲ್ಲಪ್ಪಾ, ನಾವು ದಿನಾ ಬೆಟ್ಟ ಹತ್ತಿ ಇಳಿಯುತ್ತೇವೆ, ಬೆನ್ನ ಮೇಲೆ ಮೂಟೆ ಹೊರುತ್ತೇವೆ. ನಮಗೆ ಯಾರೂ ಒಂದು ಕಾಸು ಜಾಸ್ತಿ ಕೊಡುವುದಿಲ್ಲ. ಸುಮ್ಮನೆ ಓಡುವವನಿಗೆ ಜನ ಯಾಕೆ ಕೊಡುತ್ತಾರೆ?” ಎಂದರು. ಬಹಳ ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ ಯಾರಿಗೂ ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಮಾತು ಮುಗಿಯುವುದರೊಳಗೆ ಆ ಅಕ್ಕನಿಗೆ ಉತ್ತರ ಕೊಡಲು ಪ್ರಯತ್ನಿಸುತ್ತೇವೆ.

ಮೊದಲು ಕೆಲವರ ಸಂಗತಿ ಕೇಳಿರಿ. ಮ್ಯಾರಥಾನ್ ಎಂಬ ಓಟದ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿದೆ. ಅದರ ದೂರ 42 ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಬೋರಾಮಣಿಯಿಂದ ಸೊಲ್ಲಾಪುರಕ್ಕೆ ಹೋಗಿ ಮರಳಿ ಬಂದಷ್ಟು, ಹೆಚ್ಚು ಕಡಿಮೆ. ಒಮ್ಮೆ ಅಷ್ಟು ಓಡಿದವರು ವಾರಗಟ್ಟಲೆ ಕಾಲು ಒತ್ತಿಸಿಕೊಳ್ಳುತ್ತಾರೆ. ಇಂಗ್ಲೆಂಡಿನ ಕಂಬ್ರಿಯಾ ಸೀಮೆಯಲ್ಲಿ ಗ್ಯಾರಿ ಮೆಕ್ಕೀ ಎಂಬಾತ 2022ನೇ ಇಸವಿಯಲ್ಲಿ ಜನವರಿ ಒಂದರಿಂದ ಡಿಸೆಂಬರ್ 31ರವರೆಗೆ ದಿನಕ್ಕೊಂದರಂತೆ 365 ಮ್ಯಾರಥಾನ್ ಓಡಿದರು. ಅವರೇನು ದೊಡ್ಡ ಆಟಗಾರರಲ್ಲ. ಆಗ ಸೆಲ್ಲಾಫೀಲ್ಡ್ ಎಂಬಲ್ಲಿಯ ಅಣುಸ್ಥಾವರದಲ್ಲಿ ದುಡಿಯುತ್ತಿದ್ದವರು, ಐವತ್ತು ದಾಟಿದವರು, ಮೂರು ಮಕ್ಕಳ ತಂದೆ. ಕೆಲಸ ಬಿಟ್ಟು ಓಡಿದ್ದಲ್ಲ, ಕೆಲಸದ ಜೊತೆಗೇ ಓಡಿದ್ದು. ಅವರ ತಂದೆಗೆ ಕ್ಯಾನ್ಸರ್ ಬಂದಾಗ ಸಿಕ್ಕ ಆರೈಕೆಯ ನೆನಪು ಅವರಲ್ಲಿತ್ತು. ಮಳೆಯಲ್ಲಿ, ಚಳಿಯಲ್ಲಿ, ಗಾಳಿಯಲ್ಲಿ ಓಡಿ ಇಪ್ಪತ್ತಕ್ಕೂ ಹೆಚ್ಚು ಜೊತೆ ಬೂಟು ಸವೆಸಿದರು. ವರ್ಷ ಮುಗಿಯುವ ಹೊತ್ತಿಗೆ ಹತ್ತು ಲಕ್ಷ ಪೌಂಡಿಗಿಂತ ಹೆಚ್ಚು, ಅಂದರೆ ನಮ್ಮ ಹಣದಲ್ಲಿ ಹತ್ತು ಕೋಟಿ ರೂಪಾಯಿಯ ಆಸುಪಾಸು, ಕೂಡಿತು. ಅದು ಕ್ಯಾನ್ಸರ್ ರೋಗಿಗಳಿಗೆ ನೆರವಾಗುವ ಒಂದು ಸಂಸ್ಥೆಗೂ, ಕೊನೆಗಾಲದ ರೋಗಿಗಳನ್ನು ಮನೆಗೇ ಹೋಗಿ ನೋಡಿಕೊಳ್ಳುವ ಅವರ ಊರ ಕಡೆಯ ಇನ್ನೊಂದು ಸಂಸ್ಥೆಗೂ ಹೋಯಿತು.

ಇಂಥ ಓಟಕ್ಕೆ ದಾರಿ ತೋರಿಸಿದವನು ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಹುಡುಗ. ಮೂಳೆಯ ಕ್ಯಾನ್ಸರ್ ಬಂದು 1977ರಲ್ಲಿ ಅವನ ಬಲಗಾಲನ್ನು ಮೊಣಕಾಲಿನ ಮೇಲಕ್ಕೆ ಕತ್ತರಿಸಿದರು. ಆಗ ಅವನಿಗೆ ಹದಿನೆಂಟು ವರ್ಷ. ಆಸ್ಪತ್ರೆಯಲ್ಲಿ ತನಗಿಂತ ಎಳೆಯ ಮಕ್ಕಳ ನರಳಾಟ ಕಂಡು ಅವನ ಮನಸ್ಸು ಕರಗಿತು. 1980ರ ಏಪ್ರಿಲ್ 12ರಂದು ಕೃತಕ ಕಾಲು ಕಟ್ಟಿಕೊಂಡು ದೇಶದ ಪೂರ್ವ ತುದಿಯಿಂದ ಹೊರಟ. ದಿನಕ್ಕೆ ಒಂದು ಮ್ಯಾರಥಾನಿನಷ್ಟು ದೂರ. ಮೊದಲ ದಿನಗಳಲ್ಲಿ ಅವನನ್ನು ನೋಡಲು ಬಂದವರು ಕಡಿಮೆ. ಆದರೆ ಪೋರ್ಟ್ ಓ ಬಾಸ್ಕ್ ಎಂಬ ಊರಿನವರು, ಎಲ್ಲ ಸೇರಿ ಹತ್ತು ಸಾವಿರದಷ್ಟು ಜನ, ಹತ್ತು ಸಾವಿರ ಡಾಲರಿಗೂ ಹೆಚ್ಚು ಕೊಟ್ಟರು. ತಲೆಗೊಂದು ಡಾಲರ್ ಆಯಿತಲ್ಲ! ದೇಶದ ಪ್ರತಿಯೊಬ್ಬರಿಂದಲೂ ಒಂದು ಡಾಲರ್ ಎಂಬ ಗುರಿ ಅವನಲ್ಲಿ ಬೇರೂರಿತು. ತಮ್ಮ ಸರಕಿನ ಪ್ರಚಾರಕ್ಕೆ ಅವನನ್ನು ಬಳಸಬಯಸಿದ ಕಂಪನಿಗಳಿಗೆ ಅವನು ಒಪ್ಪಲಿಲ್ಲ. ಓಟದಿಂದ ತನಗೆ ಒಂದು ಕಾಸೂ ಬೇಡವೆಂದ.

143 ದಿನ, 5,373 ಕಿಲೋಮೀಟರ್. ಸೆಪ್ಟೆಂಬರ್ 1ರಂದು ಥಂಡರ್ ಬೇ ಎಂಬ ಊರಿನ ಹತ್ತಿರ ಅವನು ನಿಲ್ಲಬೇಕಾಯಿತು. ರೋಗ ಶ್ವಾಸಕೋಶಕ್ಕೆ ಹರಡಿತ್ತು. ಮುಂದಿನ ವರ್ಷ ಜೂನ್ 28ರಂದು ಅವನು ತೀರಿಕೊಂಡ. ಇಪ್ಪತ್ಮೂರು ತುಂಬಲು ಒಂದು ತಿಂಗಳು ಬಾಕಿಯಿತ್ತು. ಪಶ್ಚಿಮದ ಸಮುದ್ರವನ್ನು ಅವನು ಮುಟ್ಟಲಿಲ್ಲ. ಆದರೆ ಸಾಯುವ ಮೊದಲೇ ಕೂಡಿದ ಹಣ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ದಾಟಿತ್ತು. ಆಗಿನ ಕೆನಡಾದ ಜನಸಂಖ್ಯೆಯೂ ಅಷ್ಟೇ. ಅವನ ಹೆಸರಿನಲ್ಲಿ ಇಂದಿಗೂ ಅನೇಕ ದೇಶಗಳಲ್ಲಿ ಜನ ವರ್ಷಕ್ಕೊಮ್ಮೆ ಓಡುತ್ತಾರೆ. ಇದುವರೆಗೆ ಕೂಡಿದ್ದು 80 ಕೋಟಿ ಡಾಲರಿಗೂ ಹೆಚ್ಚು. ಅವನು ಓಟ ಮುಗಿಸಲಿಲ್ಲ, ಆದರೆ ಆ ಕೆಲಸ ನಿಲ್ಲಲಿಲ್ಲ.

ಇದೆಲ್ಲ ಪರದೇಶದ ಮಾತಾಯಿತು ಎನ್ನಬೇಡಿರಿ. 2016ರ ಜನವರಿ 26ರಂದು ಆಸ್ಟ್ರೇಲಿಯಾದ ಪ್ಯಾಟ್ ಫಾರ್ಮರ್ ಎಂಬವರು ಕನ್ಯಾಕುಮಾರಿಯಿಂದ ಹೊರಟು, ನಮ್ಮ ಕರ್ನಾಟಕದ ಕರಾವಳಿಯ ಮೇಲೆ ಹಾದು, ಎರಡು ತಿಂಗಳಿಗೂ ಸ್ವಲ್ಪ ಹೆಚ್ಚು ದಿನಗಳಲ್ಲಿ ಕಾಶ್ಮೀರ ಮುಟ್ಟಿದರು. ಸುಮಾರು 4,600 ಕಿಲೋಮೀಟರ್. ಬಡ ಮನೆಯ ಹೆಣ್ಣುಮಕ್ಕಳ ಓದಿಗೆ ಹಣ ಕೂಡಿಸುವುದು ಅವರ ಉದ್ದೇಶ.

ಅದಕ್ಕೂ ಬಹಳ ಹಿಂದೆ ನಮ್ಮ ವಿನೋಬಾ ಭಾವೆಯವರು ಇದ್ದರು. ಅವರು ಓಡಲಿಲ್ಲ, ನಡೆದರು. ಹಣ ಕೇಳಲಿಲ್ಲ, ಭೂಮಿ ಕೇಳಿದರು. 1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಲ್ಲಿಯಲ್ಲಿ ನಲವತ್ತು ಭೂಹೀನ ಕುಟುಂಬಗಳು ಎಂಬತ್ತು ಎಕರೆ ಬೇಕೆಂದಾಗ, ಅಲ್ಲಿಯ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು ನೂರು ಎಕರೆ ಕೊಡುತ್ತೇನೆಂದರು. ಅಲ್ಲಿಂದ ಮುಂದೆ ವಿನೋಬಾರವರು ಹದಿಮೂರು ವರ್ಷದ ತನಕ ಊರಿಂದೂರಿಗೆ ನಡೆದರು. 1957ರಲ್ಲಿ ಮೈಸೂರಿನ ಹತ್ತಿರದ ಯಲವಾಲಕ್ಕೆ ಬಂದರು. 1958ರಲ್ಲಿ ನಮ್ಮದೇ ಸೊಲ್ಲಾಪುರ ಜಿಲ್ಲೆಯ ಪಂಢರಪುರಕ್ಕೆ ಬಂದು, ಬೇರೆ ಮತದವರನ್ನೂ ಜೊತೆಗೆ ಕರೆದುಕೊಂಡು ವಿಠೋಬನ ಗುಡಿಯೊಳಗೆ ಹೋದರು. ಅವರ ಮಾತಿಗೆ ನಾಡಿನಲ್ಲಿ ನಲವತ್ತು ಲಕ್ಷ ಎಕರೆಗೂ ಮೇಲ್ಪಟ್ಟು ಭೂಮಿ ಬರೆದುಕೊಟ್ಟರು. ಆದರೆ ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಬರೆದುಕೊಟ್ಟ ಭೂಮಿಯಲ್ಲಿ ದೊಡ್ಡ ಪಾಲು ಬಡವನ ಕೈಗೆ ಬರಲೇ ಇಲ್ಲ. ಕೆಲವು ಕಲ್ಲುಗುಡ್ಡ, ಕೆಲವು ತಂಟೆಯ ಜಮೀನು, ಕೆಲವು ಬರೀ ಬಾಯಿಮಾತು. ವಾಗ್ದಾನ ಬೇರೆ, ಕೈಗೆ ಬಂದದ್ದು ಬೇರೆ. ಈ ಮಾತನ್ನು ಮನಸ್ಸಿನಲ್ಲಿಡಿರಿ, ನಮ್ಮ ಕತೆಯಲ್ಲಿ ಮತ್ತೆ ಬರುತ್ತದೆ.

ಈಗ ನಮ್ಮ ಸಂಗತಿ. ನಮ್ಮೂರಿನ ಒಬ್ಬ ಅಣ್ಣ ಹೆಂಡತಿ ಮಕ್ಕಳೊಂದಿಗೆ ಮಲೆನಾಡಿನ ಒಂದು ತೋಟಕ್ಕೆ ಕೂಲಿಗೆ ಹೋಗಿದ್ದರು. ಮರಗಸಿ ಮಾಡುವಾಗ ಸಿಲ್ವರ್ ಮರದಿಂದ ಬಿದ್ದು ಸೊಂಟದ ಮೂಳೆ ಮುರಿಯಿತು. ಅವರ ಹೆಸರು ತೋಟದ ಹಾಜರಿ ಪುಸ್ತಕದಲ್ಲಿರಲಿಲ್ಲ. ಗುತ್ತಿಗೆದಾರನ ಕೈಕೆಳಗೆ ಹೋದವರು. ಅವನು ಒಂದಿಷ್ಟು ರೂಪಾಯಿ ಕೈಯಲ್ಲಿಟ್ಟು ಊರಿಗೆ ಬಸ್ಸು ಹತ್ತಿಸಿದ. ಊರಿಗೆ ಬಂದು ಮಲಗಿದ ಅಣ್ಣನಿಗೆ ಮೂತ್ರಕ್ಕೆ ಹೋಗಲೂ ಹೆಂಡತಿಯ ಹೆಗಲು ಬೇಕಾಯಿತು. ಆಪರೇಷನ್ ಮಾಡಿಸಬೇಕು, ಔಷಧಿ, ಓಡಾಟ, ಮನೆಯ ಜೋಳ ಎಲ್ಲ ಸೇರಿ ಒಂದು ಲಕ್ಷದ ಮೇಲಾಗುತ್ತದೆಂದು ತಿಳಿಯಿತು.

ನಾವು ಐದು ಜನ. ಒಬ್ಬ ಗಾರೆ ಕೆಲಸದವ, ಒಬ್ಬ ಟೆಂಪೋ ಓಡಿಸುವವ, ಇಬ್ಬರು ಹೊಲದ ಕೂಲಿ, ಒಬ್ಬ ಓದುವ ಹುಡುಗ. ನಲವತ್ತು ದಿನ, ದಿನಕ್ಕೆ ಹತ್ತು ಕಿಲೋಮೀಟರ್ ಓಡುವುದು, ಕಿಲೋಮೀಟರಿಗೆ ಇಂತಿಷ್ಟು ಎಂದು ಜನರಿಂದ ಮಾತು ತೆಗೆದುಕೊಳ್ಳುವುದು ಎಂದು ನಿಶ್ಚಯ ಮಾಡಿದೆವು. ಹೆದ್ದಾರಿಯಲ್ಲಿ ಲಾರಿಗಳ ಭಯ. ಆದ್ದರಿಂದ ಹೊಲಗಳ ನಡುವಿನ ಗಾಡಿದಾರಿ ಹಿಡಿದೆವು. ಬಿಸಿಲೇರುವ ಮೊದಲೇ, ಕತ್ತಲಿರುವಾಗಲೇ ಎದ್ದು ಓಡಿ, ರೊಟ್ಟಿ ಶೇಂಗಾ ಚಟ್ನಿ ತಿಂದು ಕೆಲಸಕ್ಕೆ ಹೋಗುತ್ತಿದ್ದೆವು.

ಮೊದಲ ವಾರ ಊರ ಜನ ನಕ್ಕರು. “ಏನ್ರೋ, ಯಾರ್ ಬೆನ್ನ ಹತ್ತ್ಯಾರ ನಿಮಗ?” ಎಂದರು. ಎರಡನೆಯ ವಾರ ನಗು ನಿಂತಿತು. ಒಂದು ದಿನ ಓಡಿದರೆ ತಮಾಷೆ, ಹತ್ತು ದಿನ ಬಿಡದೆ ಓಡಿದರೆ ಜನ, “ಅದೇನು ಅಷ್ಟು ದೊಡ್ಡ ಕಾರಣ?” ಎಂದು ಕೇಳುತ್ತಾರೆ. ಕೇಳಿದವರಿಗೆ ಆ ಅಣ್ಣನ ಸಂಗತಿ ಹೇಳಿದೆವು. ನಾವೇನು ಹಣ ದುಡಿದು ತಂದವರಲ್ಲ. ಒಂದು ಮನೆಯೊಳಗೆ ಮುಚ್ಚಿಹೋಗಿದ್ದ ಕಷ್ಟವನ್ನು ದಿನವೂ ಬೀದಿಗೆ ತಂದು ತೋರಿಸಿದೆವು, ಅಷ್ಟೇ.

ಕಬ್ಬು ಕಡಿಯಲು ಹೊರಟಿದ್ದ ಒಂದು ಕುಟುಂಬದ ತಾಯಿ ಗಾಡಿ ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ ಇಪ್ಪತ್ತು ರೂಪಾಯಿ ಕೊಟ್ಟರು. “ನನ್ನ ಗಂಡನೂ ಹೀಂಗೇ ಬಿದ್ದಿದ್ದ. ಆಗ ನಮ್ಮ ಸಲುವಾಗಿ ಓಡಾವ್ರು ಯಾರೂ ಇರಲಿಲ್ಲ” ಎಂದರು. ಆ ದಿನ ನಮ್ಮಲ್ಲಿ ಯಾರಿಗೂ ಕಾಲು ನೋಯಲಿಲ್ಲ.

ಆದರೆ ಮೂರನೆಯ ವಾರದಲ್ಲಿ ನಾವು ಎಡವಿದೆವು. ಓಟದ ಹುರುಪಿನಲ್ಲಿ ಆರು ದಿನ ಪುಸ್ತಕದಲ್ಲಿ ಲೆಕ್ಕ ಬರೆಯಲಿಲ್ಲ. ಚಹಾದ ಅಂಗಡಿಯಲ್ಲಿ ಒಬ್ಬರು, “ಹೋದ ಸೋಮವಾರದ ರೊಕ್ಕ ಎಲ್ಲೈತಿ?” ಎಂದು ಕೇಳಿದಾಗ ಐವರೂ ಒಬ್ಬರ ಮುಖ ಒಬ್ಬರು ನೋಡಿದೆವು. ವಿಚಾರಿಸಿದರೆ 2,100 ರೂಪಾಯಿ ನಮ್ಮಲ್ಲೊಬ್ಬನ ಮನೆಯ ಡಬ್ಬಿಯಲ್ಲಿತ್ತು. ಅದರಲ್ಲಿ ಅವನ ತಾಯಿ, ಮಗನ ಸಂಬಳವೆಂದು ತಿಳಿದು, ಕಿರಾಣಿಗೆ ಆರು ನೂರು ಕೊಟ್ಟಿದ್ದರು. ಕದ್ದದ್ದಲ್ಲ, ನಿಜ. ಆದರೂ ಬಡವನ ಹೆಸರಿನಲ್ಲಿ ಬಂದ ಹಣ ನಮ್ಮ ಮನೆಯ ಸಕ್ಕರೆಯಾಗಿತ್ತು. ಆ ಆರು ನೂರನ್ನು ಐವರೂ ಸೇರಿ ತುಂಬಿದೆವು. ಮರುದಿನ ಓಡಲಿಲ್ಲ. ಸಂಜೆ ಜನರನ್ನು ಕರೆದು, ನಡೆದದ್ದನ್ನು ನಡೆದಂತೆಯೇ ಹೇಳಿ, ಪುಸ್ತಕವನ್ನು ಓದಿ ತೋರಿಸಿದೆವು. ಬಹಳ ನಾಚಿಕೆಯಾಯಿತು. ಆ ಸಂಜೆಯ ನಂತರವೇ ಜನ ನಮ್ಮನ್ನು ಹೆಚ್ಚು ನಂಬಿದರು.

ಪೌಲನ ಕಾಲದಲ್ಲಿಯೂ ಇದೇ ಕಾಳಜಿ ಇತ್ತೆಂಬುದನ್ನು ನೀವು ಸತ್ಯವೇದದಲ್ಲಿ ಓದಿದ್ದೀರಿ. ಯೆರೂಸಲೇಮಿನ ಬಡವರಿಗಾಗಿ ಅವನು ದೂರದ ಊರುಗಳಲ್ಲಿ ಸಹಾಯದ ಹಣ ಕೂಡಿಸಿದನು. ಮಕೆದೋನ್ಯದ ಸಭೆಗಳವರು ತಾವೇ ಬಡತನದಲ್ಲಿದ್ದರೂ ಶಕ್ತಿಮೀರಿ ಕೊಟ್ಟರು. ಆದರೆ ಆ ಹಣವನ್ನು ಪೌಲನು ಒಬ್ಬನೇ ಹೊತ್ತೊಯ್ಯಲಿಲ್ಲ. ಯಾರೂ ಬೆರಳು ತೋರಿಸದಂತೆ ಸಭೆಗಳವರು ಆರಿಸಿದ ಜನರನ್ನು ಜೊತೆಗಿಟ್ಟುಕೊಂಡನು. ಅಪೊಸ್ತಲನಿಗೇ ಸಾಕ್ಷಿ ಬೇಕಾಯಿತೆಂದರೆ ನಾವು ನೀವು ಎಷ್ಟರವರು?

ನಲವತ್ತು ದಿನ ಮುಗಿದಾಗ ಜನ ಕೊಡುತ್ತೇವೆಂದು ಹೇಳಿದ್ದು 78,000 ರೂಪಾಯಿ. ಕೈಗೆ ಬಂದದ್ದು 61,340. ಉಳಿದ 16,660 ಇಂದಿಗೂ ಬಾಯಿಮಾತಿನಲ್ಲೇ ಇದೆ. ವಿನೋಬಾರವರಿಗೇ ತಪ್ಪದ್ದು ನಮಗೆ ತಪ್ಪೀತೇ? ಆದರೂ ಆಪರೇಷನ್ ಆಯಿತು. ಆ ಅಣ್ಣ ಈಗ ಕೋಲೂರಿ ನಡೆಯುತ್ತಾರೆ.

ಇನ್ನು ನಮ್ಮ ದೊಡ್ಡ ತಪ್ಪನ್ನು ಹೇಳಬೇಕು. ತೋಟದ ಜನರಾದ ನಿಮಗೆ ಇದೇ ಮುಖ್ಯ. ನಾವು ಓಡುವುದರಲ್ಲಿ ಮುಳುಗಿ, ಆ ಅಣ್ಣನಿಗೆ ನ್ಯಾಯವಾಗಿ ಬರಬೇಕಾದ ಪರಿಹಾರದ ಅರ್ಜಿಯನ್ನೇ ಹಾಕಿಸಲಿಲ್ಲ. ತಿಂಗಳುಗಳು ಕಳೆದ ಮೇಲೆ ಇಬ್ಬರು ಹೋಗಿ ಗುತ್ತಿಗೆದಾರನನ್ನು ಕಂಡಾಗ ಅವನು ಏನು ಹೇಳಿದನು ಗೊತ್ತೇ? “ಊರವರು ಓಡಿ ಹಣ ಕೂಡಿಸಿ ಕೊಟ್ಟಿದ್ದಾರಂತಲ್ಲ, ಇನ್ನು ನನ್ನಿಂದೇನು?” ಎಂದನು. ನಮ್ಮ ಬೆವರು ಅವನ ಸಾಲವನ್ನು ತೀರಿಸಿದಂತಾಯಿತು! ದಾರಿಯುದ್ದಕ್ಕೂ ನಾವು ಮಾತಾಡಲಿಲ್ಲ. ಆಮೇಲೆ ತಿಳಿದವರನ್ನು ಹಿಡಿದು ಅರ್ಜಿ ಹಾಕಿಸಿದೆವು. ಅದು ಇನ್ನೂ ನಡೆಯುತ್ತಿದೆ.

ಪ್ರಿಯರೇ, ಕೆಲಸದಲ್ಲಿ ಬಿದ್ದವನಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1923ರಲ್ಲಿಯೇ ಬಂದಿತು. ತೋಟದ ಕೆಲಸಗಾರರಿಗೆ ವೈದ್ಯಕೀಯ ಸೌಕರ್ಯ ಒದಗಿಸುವುದು ಮಾಲೀಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತು. 2020ರಲ್ಲಿ ಹಳೆಯ ಕಾಯಿದೆಗಳನ್ನು ಸೇರಿಸಿ ಹೊಸ ಸಂಹಿತೆಗಳನ್ನು ಮಾಡಿದಾಗಲೂ ಈ ಹೊಣೆಗಳನ್ನು ಕೈಬಿಡಲಿಲ್ಲ. ಅರ್ಜಿಗೆ ಗಡುವು ಇರುತ್ತದೆ. ತಡಮಾಡಿದಷ್ಟೂ ಸಾಕ್ಷಿ ಚದುರುತ್ತದೆ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಓಟ. ಹಕ್ಕಿನಿಂದ ಬರಬೇಕಾದ್ದನ್ನು ದಾನದಿಂದ ತುಂಬಿಸಿದರೆ ಬಡವರು ಬಡವರಿಂದ ಕಿತ್ತು ಉಳ್ಳವರ ಚೀಲ ಕಾಪಾಡಿದಂತೆ. ಹಕ್ಕು ಬರುವ ತನಕ ಮನೆಯ ಒಲೆ ಆರದಂತೆ ನೋಡಿಕೊಳ್ಳುವುದಕ್ಕೆ ದಾನ ಬೇಕು. ಎರಡಕ್ಕೂ ಎರಡು ಪುಸ್ತಕ ಇಡಿರಿ.

ನಿಮ್ಮಲ್ಲಿ ಯಾರಾದರೂ ಇಂಥ ಕಾರ್ಯಕ್ಕೆ ಹೊರಡುವುದಾದರೆ ನಮ್ಮ ಅನುಭವದಿಂದ ಇಷ್ಟು ಹೇಳುತ್ತೇವೆ. ದಿನದ ಕೂಲಿಯೇ ಮೈಮುರಿಯುವಂಥದ್ದಾದರೆ ಓಡಬೇಡಿರಿ, ನಡೆಯಿರಿ. ಅದೂ ಸರದಿಯ ಮೇಲೆ. ಮೊದಲ ದಿನವೇ ದೂರ ಹೋಗದೆ, ವಾರ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಿರಿ. ನಮ್ಮ ಟೆಂಪೋ ತಮ್ಮ ಆತುರಪಟ್ಟು ಮೊಣಕಾಲು ಊದಿಸಿಕೊಂಡು ಒಂಬತ್ತು ದಿನ ಕೂತ. ಎದೆನೋವು, ದಮ್ಮು ಇರುವವರು ವೈದ್ಯರನ್ನು ಕೇಳದೆ ಹೆಜ್ಜೆ ಇಡಬಾರದು. ಬಿಸಿಲಿನಲ್ಲಿ ಓಡಬಾರದು, ನೀರು ಜೊತೆಗಿರಲಿ. ಹಣ ಒಬ್ಬರ ಕೈಯಲ್ಲಿ, ಪುಸ್ತಕ ಇನ್ನೊಬ್ಬರ ಕೈಯಲ್ಲಿ ಇರಲಿ. ಫೋನಿನಲ್ಲಿ ಬಂದ ಹಣವನ್ನೂ ಅಂದೇ ಬರೆಯಿರಿ. ಬಟವಾಡೆಯ ದಿನ ಎಲ್ಲರ ಮುಂದೆ ಓದಿರಿ. ಮತ್ತು ಯಾರಿಗಾಗಿ ಓಡುತ್ತೀರೋ ಆ ಮನೆಯವರ ಒಪ್ಪಿಗೆ ಮೊದಲು ಪಡೆಯಿರಿ. ತಮ್ಮ ಕಷ್ಟ ಬೀದಿಯ ಮಾತಾಗುವುದು ಎಲ್ಲರಿಗೂ ಸಹ್ಯವಾಗುವುದಿಲ್ಲ. ನಾವೂ ಆ ಅತ್ತಿಗೆಯನ್ನು ಕೇಳಿದ್ದು ಮೂರನೆಯ ದಿನ. ಮೊದಲೇ ಕೇಳಬೇಕಿತ್ತು.

ಈಗ ನಿನ್ನೆಯ ಅಕ್ಕನ ಪ್ರಶ್ನೆಗೆ ಬರೋಣ. ದುಡಿಯುವವನ ನಡಿಗೆಗೆ ಸಿಗದ ಹಣ ಓಡುವವನಿಗೆ ಯಾಕೆ ಸಿಗುತ್ತದೆ? ಅಕ್ಕಾ, ಓಟಕ್ಕೆ ಅಂಥ ದೊಡ್ಡ ಬೆಲೆಯೇನೂ ಇಲ್ಲ. ನಿಮ್ಮ ಒಂದು ದಿನದ ದುಡಿಮೆ ನಮ್ಮ ಹತ್ತು ಕಿಲೋಮೀಟರಿಗಿಂತ ದೊಡ್ಡದು. ಆದರೆ ಕೂಲಿಯ ನಡಿಗೆ ಹೊಟ್ಟೆಗಾಗಿ. ಅದು ಬೇಕೋ ಬೇಡವೋ ನಡೆಯಲೇಬೇಕು. ಮಲಗಬಹುದಾದ ಒಂದು ಗಂಟೆಯನ್ನು ಬಿಟ್ಟು, ಯಾರೂ ಹೇಳದಿದ್ದರೂ ಎದ್ದು, ಇನ್ನೊಬ್ಬನಿಗಾಗಿ ಒಬ್ಬ ಓಡಿದಾಗ, ನೋಡುವವನಿಗೆ ತನ್ನ ಕೈಯಲ್ಲಿಯೂ ಬಿಟ್ಟುಕೊಡಬಹುದಾದ ಏನೋ ಒಂದಿದೆ ಎಂದು ಹೊಳೆಯುತ್ತದೆ. ಅದಕ್ಕೇ ಕೊಡುತ್ತಾನೆ. ನಮ್ಮ ಸೊಲ್ಲಾಪುರದ ನಡುವೆ ಇಂದಿಗೂ ನೀರು ತುಂಬಿ ನಿಂತಿರುವ ಕೆರೆಯನ್ನು ಹನ್ನೆರಡನೆಯ ಶತಮಾನದ ಸಿದ್ಧರಾಮರ ಕೆರೆಯೆಂದೇ ಜನ ಹೇಳುತ್ತಾರೆ. ಮಣ್ಣು ಹೊತ್ತವರ ಹೆಸರು ಯಾರಿಗೂ ಗೊತ್ತಿಲ್ಲ. ನೀರು ಮಾತ್ರ ಇದೆ.

ನಿಮ್ಮಲ್ಲಿ ಓಡಲಾರದವರು ಅನೇಕರಿದ್ದೀರಿ. ಓಡಲೇಬೇಕೆಂದು ನಾವು ಹೇಳುವುದಿಲ್ಲ. ಲೆಕ್ಕ ಬರೆಯಬಲ್ಲ ಹುಡುಗಿ ಲೆಕ್ಕ ಬರೆಯಲಿ. ಅರ್ಜಿ ಓದಬಲ್ಲವರು ಅರ್ಜಿ ಓದಲಿ. ಮಲಗಿದವರ ಮನೆಗೆ ಒಂದು ಕೊಡ ನೀರು ತಂದಿಡಬಲ್ಲವರು ನೀರು ತಂದಿಡಲಿ. ನಿಮ್ಮ ಲೈನಿನಲ್ಲಿ ಈ ಹೊತ್ತು ಬಾಗಿಲು ಮುಚ್ಚಿಕೊಂಡು ನೋವು ನುಂಗುತ್ತಿರುವ ಮನೆ ಯಾವುದೆಂದು ನಿಮಗೇ ಗೊತ್ತು. ಅವರ ಹೆಸರು ಹಾಜರಿ ಪುಸ್ತಕದಲ್ಲಿದೆಯೇ ಎಂದು ನಾಳೆಯೇ ಹೋಗಿ ಕೇಳಿರಿ. ಓಟದ ಮೊದಲ ಹೆಜ್ಜೆ ಅದೇ.

ನಮ್ಮ ಪುಸ್ತಕವನ್ನು ಜೊತೆಗೆ ತಂದಿದ್ದೇವೆ. ನೋಡಬಯಸುವವರು ಕೂಟ ಮುಗಿದ ಮೇಲೆ ಬಂದು ನೋಡಬಹುದು. ಆ ಆರು ದಿನಗಳ ಖಾಲಿ ಹಾಳೆಯನ್ನು ನಾವು ಹರಿದು ಹಾಕಿಲ್ಲ.

ನಿಮಗೂ ನಿಮ್ಮ ಮಕ್ಕಳಿಗೂ ದೇವರು ಕೈಕಾಲಿನಲ್ಲಿ ಬಲವನ್ನೂ, ಲೆಕ್ಕದಲ್ಲಿ ಸತ್ಯವನ್ನೂ ಅನುಗ್ರಹಿಸಲಿ.